ಮೊದಲ ಮಳೆಗೆ ಬಿರಿಯುವ ಟೊಮೆಟೊ

ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ ಒಂದೆರಡು ಹದ ಬಿದ್ದಿತೆಂದರೆ ಸಾಕು, ಹಾಸನದ ಹಿತ್ತಲು–ತಾರಸಿಗಳಲ್ಲಿ ಬೆಳೆದ ಟೊಮೆಟೊಗಳು ತೊಟ್ಟಿನ ಸುತ್ತ ಬಿರಿದು ನನ್ನ ಮೇಜಿಗೆ ಬರತೊಡಗುತ್ತವೆ. ತಂದವರು ಕೇಳುವುದು, "ಇದಕ್ಕೆ ಯಾವ ಔಷಧಿ ಹೊಡೀಬೇಕು ಸಾರ್?" ಎಂದು. ರೋಗವೇ ಅಲ್ಲದ್ದಕ್ಕೆ ಔಷಧಿ ಹೊಡೆದರೆ ಮನೆಮಂದಿ ತಿನ್ನುವ ಹಣ್ಣಿಗೆ ವಿಷ ಸೋಕಿತೇ ಹೊರತು ಬಿರುಕು ನಿಲ್ಲದು. ಆದ್ದರಿಂದ ನಾನು ತಿರುಗಿ ಕೇಳುವುದು, ಮಳೆಗೆ ಮುಂಚೆ ಎಷ್ಟು ದಿನ ನೀರು ಹಾಕಿರಲಿಲ್ಲವೆಂದು. ಊರ ಜಾತ್ರೆಗೆ ಹೋಗಿದ್ದುದೋ ನಲ್ಲಿಯಲ್ಲಿ ನೀರು ಬಾರದಿದ್ದುದೋ ಆಗ ನೆನಪಾಗುತ್ತದೆ.

ಮಣ್ಣು ಒಣಗಿದಾಗ ಹಣ್ಣಿನ ಬೆಳವಣಿಗೆ ಕುಂಠಿತವಾಗಿ ಸಿಪ್ಪೆ ಬಿಗಿಯುತ್ತದೆ. ಬಲಿತಂತೆಲ್ಲ ಅದರ ಹಿಗ್ಗುವ ಗುಣವೂ ಕಡಿಮೆಯಾಗುತ್ತದೆ. ಅಂಥ ಹೊತ್ತಿನಲ್ಲಿ ಒಮ್ಮೆಲೇ ಹೇರಳವಾಗಿ ನೀರು ಸಿಕ್ಕಿದರೆ ಬೇರು ಅದನ್ನು ಹೀರಿ ಹಣ್ಣಿಗೆ ತುಂಬುತ್ತದೆ, ಒಳಗಿನ ತಿರುಳು ಉಬ್ಬುವ ವೇಗಕ್ಕೆ ಸಿಪ್ಪೆ ಹಿಗ್ಗಲಾರದೆ ಸೀಳುತ್ತದೆ. ತೊಟ್ಟಿನ ಬಳಿ ನಿಂತ ಮಳೆನೀರು ನೇರವಾಗಿ ಹಣ್ಣಿನೊಳಗೆ ಇಳಿಯುವುದೂ ಉಂಟು. ತೊಟ್ಟಿನಿಂದ ಕೆಳಗೆ ಇಳಿಯುವ ಸೀಳು ಹೆಚ್ಚು ಆಳ, ಬೇಗ ಕೊಳೆಯುತ್ತದೆ. ತೊಟ್ಟಿನ ಸುತ್ತ ಬಳೆಯಂತೆ ಮೂಡುವ ಗೆರೆಗಳು ಕಾಯಿಯಲ್ಲೇ ಒಣಗಿ ಗಟ್ಟಿಯಾಗುವುದರಿಂದ ಅಷ್ಟೇನೂ ಕೆಡುಕಲ್ಲ.

ಹಾಗಾಗಿ ಮಳೆಗೆ ಮುಂಚಿನ ದಿನಗಳಲ್ಲಿ ಮಣ್ಣಿನ ತೇವವನ್ನು ಒಂದೇ ಸಮನಾಗಿ ಕಾಯ್ದುಕೊಳ್ಳಬೇಕು. ನೆಲದಲ್ಲಿರುವ ಗಿಡಕ್ಕೆ ಚದರ ಮೀಟರಿಗೆ ವಾರಕ್ಕೆ 25ರಿಂದ 40 ಲೀಟರ್ ನೀರನ್ನು ಎರಡು ಮೂರು ಕಂತಿನಲ್ಲಿ ಕೊಟ್ಟರೆ ಸಾಕು. ಕುಂಡದ ಲೆಕ್ಕ ಬೇರೆ: ಬಿರುಬೇಸಿಗೆಯಲ್ಲಿ ಅದು ಒಂದೇ ದಿನದಲ್ಲಿ ಒಣಗುವುದರಿಂದ ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ ನೀರುಣಿಸಬೇಕಾಗುತ್ತದೆ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡುವುದಕ್ಕಿಂತ ಒಳ್ಳೆಯ ಮಾಪಕ ನನಗೆ ಈವರೆಗೆ ಸಿಕ್ಕಿಲ್ಲ. ಅದರ ಜೊತೆಗೆ ಬುಡಕ್ಕೆ ಮೂರು ಇಂಚು ದಪ್ಪಕ್ಕೆ, ಕಾಂಡಕ್ಕೆ ತಾಗದಂತೆ ಹೊದಿಕೆ ಹಾಸಬೇಕು. ಅರಸೀಕೆರೆ ಕಡೆಯವರಿಗೆ ರಾಗಿಹುಲ್ಲು, ತೆಂಗಿನ ನಾರಿನ ಪುಡಿ, ಸಕಲೇಶಪುರದವರಿಗೆ ತರಗೆಲೆ, ಹೀಗೆ ಯಾವುದು ಕೈಗೆಟುಕುವುದೋ ಅದು. ಆದರೆ ಮಲೆನಾಡಿನ ಮುಂಗಾರಿಗೆ ಹೊದಿಕೆಯೊಂದೇ ಸಾಲದು. ಬದಿ ತೆರೆದಿಟ್ಟು ಮೇಲಷ್ಟೇ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮಾಡು ಕಟ್ಟದೆ ಅಲ್ಲಿ ಜೂನ್ ನಂತರ ಟೊಮೆಟೊ ಬೆಳೆಯಲು ಹೊರಡುವುದನ್ನು ನಾನು ಸಾಹಸವೆಂದೇ ಕರೆಯುತ್ತೇನೆ.

ಯೂರಿಯಾ ಹೆಚ್ಚಿದರೆ ಹಣ್ಣು ಅವಸರದಿಂದ ಉಬ್ಬಿ ಬಿರಿಯುವ ಸಂಭವ ಹೆಚ್ಚು. ಪೊಟ್ಯಾಷ್ ಕೊರತೆಯೂ ಅದಕ್ಕೆ ಒತ್ತಾಸೆ. ಗಾಳಿಯಾಡಲೆಂದು ಎಲೆಗಳನ್ನೆಲ್ಲ ಚಿವುಟಿ ಹಣ್ಣನ್ನು ಬಿಸಿಲಿಗೆ ಒಡ್ಡುವ ಅಭ್ಯಾಸವೂ ಒಳ್ಳೆಯದಲ್ಲ. ತಳಿಯ ವಿಷಯದಲ್ಲಿ, ತೆಳುಸಿಪ್ಪೆಯ ದೊಡ್ಡ ನಾಟಿ ಹಣ್ಣುಗಳು ಬೇಗ ಸೀಳುತ್ತವೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಣ್ಣು ಗಟ್ಟಿ, ಆದರೆ ಸಾರಿನ ಹುಳಿಗೆ ನಾಟಿಯೇ ಬೇಕೆನ್ನುವವರೊಡನೆ ನಾನು ವಾದಿಸುವುದಿಲ್ಲ. ಅಂಥವರು ಮೋಡ ಕಟ್ಟಿದ ಸಂಜೆ, ಬಣ್ಣ ತಿರುಗಿದ ದೋರೆಗಾಯಿಗಳನ್ನೆಲ್ಲ ಕೊಯ್ದು ಒಳಗಿಟ್ಟರಾಯಿತು. ಫ್ರಿಜ್ಜಿನಲ್ಲಿಡದೆ ಅಡುಗೆಮನೆಯ ಬುಟ್ಟಿಯಲ್ಲಿಟ್ಟರೆ ಅವು ಕೆಲವೇ ದಿನಗಳಲ್ಲಿ ಕೆಂಪಾಗುತ್ತವೆ.

ಈಗಾಗಲೇ ಬಿರಿದದ್ದನ್ನು ಗಿಡದಲ್ಲಿ ಉಳಿಸಬಾರದು. ಹೊಸ ಸೀಳಾದರೆ ಅಷ್ಟು ಭಾಗವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಅಂದೇ ಗೊಜ್ಜಿಗೆ ಬಳಸಬಹುದು. ಬೂಷ್ಟು ಹಿಡಿದಿದ್ದರೆ ಅಥವಾ ಹುಳಿತ ವಾಸನೆ ಬಂದರೆ ಗೊಬ್ಬರದ ಗುಂಡಿಗೆ ಹಾಕಬೇಕು.