ಎಸ್ಸೆಸ್ಸೆಲ್ಸಿ ಆದ್ಮೇಲೆ ಆಪ್ಟಿಟ್ಯೂಡ್ ಟೆಸ್ಟ್ ಮಾಡಿಸಿದ್ರೆ ಮಗಳು ಏನಾಗ್ತಾಳೆ ಅಂತ ಗೊತ್ತಾಗುತ್ತಾ?

ದಾವಣಗೆರೆಯಲ್ಲಿ ರಿಸಲ್ಟ್ ಬರೋ ಟೈಮಿಗೆ ಅಪ್ಪ-ಅಮ್ಮಂದಿರು ಕೇಳೋದು ಇದೇ: ಟೆಸ್ಟ್‌ನಲ್ಲಿ ಏನು ಬರುತ್ತೋ ಅದನ್ನೇ ಓದಿಸಿಬಿಡೋಣ್ವಾ, ನಾಳೆ ಎಐ ಬಂದು ಆ ಕೆಲಸಾನೇ ಹೋದ್ರೆ ಏನು ಗತಿ?

ಟೆಸ್ಟ್ ಮಾಡಿಸಿ, ತಪ್ಪಿಲ್ಲ, ಆದ್ರೆ ಅದನ್ನ ಜಾತಕ ಓದಿದ ಹಾಗೆ ಓದಬೇಡಿ.

ಯಾರಿಗೆ ಯಾವ ಕೆಲಸ ಸರಿ ಅಂತ ದಾರಿ ತೋರಿಸೋ ಈ ಕರಿಯರ್ ಕೌನ್ಸೆಲಿಂಗ್ ಶುರುವಾಗಿದ್ದು ಅಮೆರಿಕದ ಬಾಸ್ಟನ್‌ನಲ್ಲಿ. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಅನ್ನೋರು ಅಲ್ಲೊಂದು ಕಚೇರಿ ತೆಗೆದ್ರು. ನಿನ್ನನ್ನ ತಿಳ್ಕೋ, ಕೆಲಸಗಳನ್ನ ತಿಳ್ಕೋ, ಎರಡನ್ನೂ ಹೊಂದಿಸಿ ನೋಡು, ಇಷ್ಟೇ ಅವರ ಲೆಕ್ಕ. ಆಮೇಲೆ ಜಾನ್ ಹಾಲೆಂಡ್ ಅನ್ನೋ ಮನಶ್ಶಾಸ್ತ್ರಜ್ಞ 1959ರಲ್ಲಿ ಮಂಡಿಸಿದ ಸಿದ್ಧಾಂತದಿಂದ ಆಸಕ್ತಿಯ ಆರು ಬಗೆ ಬಂತು: ಯಂತ್ರ-ಕೈಕೆಲಸ, ಸಂಶೋಧನೆ, ಕಲೆ, ಜನರಿಗೆ ನೆರವಾಗೋದು, ವ್ಯಾಪಾರ-ಮುಂದಾಳತ್ವ, ಲೆಕ್ಕಪತ್ರ. ಇವತ್ತಿನ ಎಷ್ಟೋ ಆನ್‌ಲೈನ್ ಟೆಸ್ಟ್‌ಗಳ ಒಳಗೆ ಇದೇ ಕೂತಿರೋದು. ಮಗಳಿಗೆ ಸಂಶೋಧನೆ, ನೆರವು ಎರಡೂ ಜಾಸ್ತಿ ಬಂತು ಅಂದ್ಕೊಳ್ಳಿ, ನಮ್ಮೂರಲ್ಲಿ ತಕ್ಷಣ 'ಎಂಬಿಬಿಎಸ್' ಅಂತಾರೆ (ಮೆಡಿಕಲ್ ಕಾಲೇಜು ಕಣ್ಣೆದುರೇ ಇದೆಯಲ್ಲ), ಆದ್ರೆ ಫಿಸಿಯೋಥೆರಪಿ, ಸೈಕಾಲಜಿ, ನರ್ಸಿಂಗ್, ವಾಕ್-ಶ್ರವಣ ಚಿಕಿತ್ಸೆ ಕೂಡ ಅದೇ ದಿಕ್ಕಿನಲ್ಲೇ ಇರೋದು. ಟೆಸ್ಟ್ ತೋರಿಸೋದು ದಿಕ್ಕು, ಸೀಟಲ್ಲ. ಇನ್ನೊಂದು, ಆಸಕ್ತಿ ಗಟ್ಟಿಯಾಗೋದು ಹೆಚ್ಚಾಗಿ 18-22ರ ಹೊತ್ತಿಗೆ, ಅದಕ್ಕೇ ಹದಿನಾರಕ್ಕೆ ಬಂದ ರಿಪೋರ್ಟನ್ನ ಫ್ರೇಮ್ ಹಾಕಿಸೋದು ಬೇಡ.

ಕೆಲಸ ಹೋಗೋ ಭಯ ನಮ್ಮೂರಿಗೆ ಹೊಸದಾ ಹೇಳಿ? ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಿದು, ಬಟ್ಟೆ ಮಿಲ್ ಕೆಲಸ ಸಿಕ್ಕರೆ ಜೀವನ ಸೆಟ್ಲ್ ಅಂತಿದ್ರು, ಆಮೇಲೆ ಮಿಲ್‌ಗಳೇ ಒಂದೊಂದಾಗಿ ಮುಚ್ಚಿಕೊಂಡ್ವು. ಎಐ ಹೊಡೆತ ಬೇರೆ ಥರದ್ದು, ಎಷ್ಟೋ ಕಡೆ ಇಡೀ ಉದ್ಯೋಗ ಹೋಗೋದಕ್ಕಿಂತ ಅದರೊಳಗಿನ ಕೆಲವು ಕೆಲಸ ಮಾತ್ರ ಹೋಗಿ ಉಳಿದದ್ದರ ರೂಪ ಬದಲಾಗುತ್ತೆ. ಹಾಗಾಗಿ ಕೌನ್ಸೆಲಿಂಗ್ ಕೂಡ ಒಂದೇ ಸಲದ ಹೊಂದಾಣಿಕೆ ಬಿಟ್ಟು ಬೇರೆ ಕಡೆ ಹೊರಟಿದೆ. ಅಮೆರಿಕದ ಕರಿಯರ್ ಕೌನ್ಸೆಲಿಂಗ್ ತಜ್ಞ ಮಾರ್ಕ್ ಸಾವಿಕಾಸ್ ಥರದವರು ಅಂಕಕ್ಕಿಂತ ವ್ಯಕ್ತಿ ತನ್ನ ಕಥೆ ಹೇಗೆ ಹೇಳ್ಕೋತಾಳೆ, ಬದಲಾವಣೆಗೆ ಎಷ್ಟು ಹೊಂದ್ಕೋತಾಳೆ ಅಂತ ನೋಡ್ತಾರೆ. ಆರು ಬಗೆ ಲೆಕ್ಕ ಹಾಕೋಕೆ ಈಗ ಆ್ಯಪ್ ಸಾಕು, ಕೂತು ಮಾತು ಕೇಳೋಕೆ ಮನುಷ್ಯರೇ ಬೇಕು ಅಂತ ನನಗನ್ಸುತ್ತೆ.

ಕೌನ್ಸೆಲರ್ ಹತ್ರ ಹೋದಾಗ ಕೇಳಿ: ನೀವು ಸೈಕಾಲಜಿ ಓದಿದ್ದೀರಾ, ಯಾವ ಟೆಸ್ಟ್, ಯಾವುದಾದ್ರೂ ಕಾಲೇಜಿಂದ ಕಮಿಷನ್ ಬರುತ್ತಾ? ಕೊನೇ ಪ್ರಶ್ನೆಗೆ ತಡವರಿಸಿದ್ರೆ ಎದ್ದು ಬನ್ನಿ. ಮತ್ತೆ ಕಾಂಬಿನೇಷನ್ ಫಾರಂ ತುಂಬೋ ಮುಂಚೆ ಮಗಳನ್ನ ಒಬ್ಬ ಫಿಸಿಯೋ ಹತ್ರವೋ ಲ್ಯಾಬ್ ಟೆಕ್ನಿಷಿಯನ್ ಹತ್ರವೋ ಅವರು ಒಪ್ಪಿದ್ರೆ ಒಂದು ಇಡೀ ದಿನ ಕೂರಿಸಿ, ಅವಳಿಗೆ ಏನು ಬೋರಾಯ್ತು ಅಂತಾನೂ ಕೇಳಿ.