ಡೆಕಾಥ್ಲಾನ್: ಒಂದು ಸೆಂಟಿಮೀಟರಿಗೆ ಎಷ್ಟು ಅಂಕ?

ಓಟವನ್ನು ಸೆಕೆಂಡಿನಲ್ಲಿ ಅಳೆಯುತ್ತೇವೆ, ಜಿಗಿತ, ಎಸೆತಗಳನ್ನು ಮೀಟರಿನಲ್ಲಿ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ? ಹತ್ತು ಓಟ, ಜಿಗಿತ, ಎಸೆತಗಳ ಅಂಕ ಕೂಡಿಸಿ ಗೆದ್ದವರನ್ನು ನಿರ್ಧರಿಸುವ ಡೆಕಾಥ್ಲಾನ್ ಹುಟ್ಟಿದಾಗಿನಿಂದ ಇದೇ ತಕರಾರು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ ಥೋರ್ಪ್ ಗಳಿಸಿದ್ದು 8412 ಅಂಕ. ಸಮಯ, ದೂರಗಳನ್ನು ಅಂಕಕ್ಕೆ ಬದಲಿಸುವ ಇಂದಿನ ಕೋಷ್ಟಕದಲ್ಲಿ ಅದೇ ಸಾಧನೆಗೆ ಸಿಗುವುದು 6564.

1950ರ ಕೋಷ್ಟಕ ಮೇಲ್ಮಟ್ಟದ ಸಾಧನೆಗೆ ಅಂಕಗಳನ್ನು ಮೊಗೆಮೊಗೆದು ಕೊಡುತ್ತಿತ್ತು. ಒಂದೆರಡು ಸ್ಪರ್ಧೆಯಲ್ಲಿ ಮಿಂಚಿದರೆ ಉಳಿದದ್ದರ ಕೊರತೆ ತುಂಬಿಬಿಡುತ್ತಿತ್ತು. ಅಷ್ಟರಲ್ಲಿ ಫೈಬರ್‌ಗ್ಲಾಸ್ ಕೋಲು ಬಂತು. 1963ರಲ್ಲಿ ತೈವಾನಿನ ಸಿ.ಕೆ. ಯಾಂಗ್ ಪೋಲ್ ವಾಲ್ಟ್‌ನಲ್ಲಿ 4.84 ಮೀ. ಹಾರಿದಾಗ ಕೋಷ್ಟಕವೇ ಮುಗಿದುಹೋಗಿತ್ತು, ಅಷ್ಟು ಎತ್ತರಕ್ಕೆ ಅದರಲ್ಲಿ ಅಂಕವೇ ಇರಲಿಲ್ಲ! ಅವರ ಒಟ್ಟು ಮೊತ್ತ 9121, ವಿಶ್ವದಾಖಲೆ. ಮರುವರ್ಷ ಜಾರಿಗೆ ಬಂದ ಹೊಸ ಕೋಷ್ಟಕದಲ್ಲಿ ಅದು 8089ಕ್ಕೆ ಇಳಿಯಿತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಯಾಂಗ್‌ಗೆ ಐದನೇ ಸ್ಥಾನ.

ಆ ಹೊಸ ಕೋಷ್ಟಕದ್ದು ಇನ್ನೊಂದು ಅತಿ: ಗುಂಡು, ಜಾವೆಲಿನ್ ದೂರ ಹೋದಷ್ಟೂ ಪ್ರತಿ ಹೆಚ್ಚುವರಿ ಮೀಟರಿನ ಬೆಲೆ ಕಡಿಮೆ. 1985ರಲ್ಲಿ ಅದನ್ನೂ ಬದಲಿಸಿದರು. ಇದರಿಂದ ಲಾಭವಾದದ್ದು ಬ್ರಿಟನ್ನಿನ ಡೇಲಿ ಥಾಂಪ್ಸನ್‌ಗೆ. 1984ರಲ್ಲಿ ಅವರ 8797 ಅಂಕ ಪಶ್ಚಿಮ ಜರ್ಮನಿಯ ಯೂರ್ಗನ್ ಹಿಂಗ್ಸನ್‌ರ ವಿಶ್ವದಾಖಲೆಗಿಂತ ಒಂದೇ ಒಂದು ಕಡಿಮೆ ಇತ್ತು. ಹರ್ಡಲ್ಸ್‌ನ ಫೋಟೊ ಮತ್ತೆ ನೋಡಿದಾಗ ಸೆಕೆಂಡಿನ ನೂರರ ಒಂದು ಭಾಗ ಕಡಿಮೆಯಾಗಿ ದಾಖಲೆ ಸಮವಾಯಿತು. ಹೊಸ ಕೋಷ್ಟಕ ಹಾಕಿದಾಗ 8847 – 8832, ಥಾಂಪ್ಸನ್ ಮುಂದೆ.

ಈಗಿನ ಲೆಕ್ಕ ಹೀಗೆ. ಉದ್ದ ಜಿಗಿತದಲ್ಲಿ 7 ಮೀ. ಎಂದರೆ 700 ಸೆಂ.ಮೀ. ಅದರಿಂದ 220 ಕಳೆಯಿರಿ, ಉಳಿದ 480ನ್ನು 1.4ರ ಘಾತಕ್ಕೆ ಏರಿಸಿ, 0.14354ರಿಂದ ಗುಣಿಸಿ. ಬರುವುದು 814. ದಶಮಾಂಶವನ್ನು ಕತ್ತರಿಸಬೇಕು, ಮೇಲಕ್ಕೆ ಏರಿಸುವಂತಿಲ್ಲ. ಜಿಗಿತವನ್ನು ಸೆಂಟಿಮೀಟರಿನಲ್ಲಿ, ಎಸೆತವನ್ನು ಮೀಟರಿನಲ್ಲಿ ಹಾಕಬೇಕು. ಎಕ್ಸೆಲ್ ಹಾಳೆ ತಯಾರಿಸುವವರು ಎಡವುವುದೇ ಇಲ್ಲಿ.

ಪಕ್ಷಪಾತ ಪೂರ್ತಿ ಹೋಗಿಲ್ಲ. ಜಾವೆಲಿನ್‌ನಲ್ಲಿ 50ರಿಂದ 60 ಮೀಟರಿಗೆ 149 ಅಂಕ, 60ರಿಂದ 70ಕ್ಕೆ 151, ಹೆಚ್ಚುಕಡಿಮೆ ಸರಳರೇಖೆ. 100 ಮೀ. ಓಟದಲ್ಲಿ 12ರಿಂದ 11 ಸೆಕೆಂಡಿಗೆ 210, 11ರಿಂದ 10ಕ್ಕೆ 235. ವೇಗದ ಓಟಗಾರರೇ ಡೆಕಾಥ್ಲಾನ್ ಆಳುವುದಕ್ಕೆ ಇದೂ ಒಂದು ಕಾರಣ ಎನ್ನಬಹುದು.

ಸ್ಟಾಪ್‌ವಾಚ್ ಬಳಸುವ ಸಣ್ಣ ಕೂಟಗಳಲ್ಲಿ ಮತ್ತೊಂದು ಎಚ್ಚರ ಬೇಕು. ಕೈಯಲ್ಲಿ ಅಳೆದ 100 ಮೀ. ಸಮಯಕ್ಕೆ 0.24 ಸೆಕೆಂಡ್ ಸೇರಿಸಿಯೇ ಸೂತ್ರಕ್ಕೆ ಹಾಕಬೇಕು. 11.0 ಎಂದರೆ 11.24, ಅಂದರೆ 808 ಅಂಕ. ಮರೆತರೆ 861. ಓಡದೆಯೇ ಸಿಕ್ಕ 53 ಅಂಕ!