ಹೊಟ್ಟೆ ಇದ್ದವರು ಸ್ಕೌಟ್ ಮಾಸ್ಟರ್ ಆಗಬಹುದಾ?

ಪ್ರಶ್ನೆ: ಸರ್, ನಾನು ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಮೇಷ್ಟ್ರು. ವಯಸ್ಸು 44, ಎತ್ತರ 168 ಸೆಂಟಿಮೀಟರ್, ತೂಕ 92 ಕೆ.ಜಿ. ಸ್ಕೌಟ್ ದಳ ನೋಡಿಕೊಳ್ಳಿ ಅಂತ ಹೆಡ್‌ಮಾಸ್ಟರು ಹೇಳಿದ್ದಾರೆ. ನನಗೂ ಆಸೆ ಇದೆ. ಆದರೆ ಸ್ಟಾಫ್ ರೂಮಿನಲ್ಲಿ ಒಬ್ಬರು, "ಈ ಹೊಟ್ಟೆ ಇಟ್ಕೊಂಡು ಮಕ್ಕಳಿಗೆ ಏನ್ ಹೇಳ್ಕೊಡ್ತೀರಾ?" ಅಂದರು. ಎಲ್ಲರೂ ನಕ್ಕರು. ನಾನು ಒಪ್ಪಿಕೊಳ್ಳಲಾ, ಬೇಡವಾ?

ಮೇಷ್ಟ್ರೇ, ಒಪ್ಪಿಕೊಳ್ಳಿ. ಆದರೆ ಅದಕ್ಕೆ ಮುಂಚೆ ಒಂದು ಸಲ ಡಾಕ್ಟರ ಹತ್ತಿರ ಹೋಗಿ ಬನ್ನಿ. ಈ ಎರಡು ಮಾತನ್ನೂ ಯಾಕೆ ಒಟ್ಟಿಗೆ ಹೇಳುತ್ತಿದ್ದೇನೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದೇ ಪ್ರಶ್ನೆಯನ್ನು ಗೈಡ್ ಕ್ಯಾಪ್ಟನ್, ಅಂದರೆ ಹುಡುಗಿಯರ ದಳ ನೋಡಿಕೊಳ್ಳುವವರು, ಆಗಲು ಹೊರಟ ಎಷ್ಟೋ ಜನ ಟೀಚರಮ್ಮಂದಿರೂ ಕೇಳಿದ್ದಾರೆ. ಅವರು ಕೇಳಿಸಿಕೊಂಡಿರುವ ಮಾತು ನಿಮಗಿಂತ ಜಾಸ್ತಿ.

ಕೆಲವು ವರ್ಷದ ಹಿಂದೆ ಪಾಂಡವಪುರದ ಕುಂತಿಬೆಟ್ಟಕ್ಕೆ ನಮ್ಮ ಸ್ಕೌಟ್ ದಳದ ಹುಡುಗರನ್ನು ಕರೆದುಕೊಂಡು ಹೋಗಿದ್ದೆವು. ದೊಡ್ಡವರು ನಾವು ಮೂರು ಜನ. ಒಬ್ಬರು ನಿಮ್ಮ ಹಾಗೇ ದಪ್ಪಗಿದ್ದರು. ಹೊರಡುವ ಮುಂಚೆ ಅವರನ್ನು ನಾನು ಮೂರು ಸಲ ಕೇಳಿದೆ, "ಆಗುತ್ತಾ ಸರ್, ಹತ್ತೋಕೆ?" ಇನ್ನೊಬ್ಬರು ಸಣಕಲು ಆಳು, ಚುರುಕು ನಡಿಗೆ. ಅವರನ್ನು ಏನೂ ಕೇಳಲಿಲ್ಲ.

ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಆ ಸಣ್ಣಗಿದ್ದವರು ಬಂಡೆ ಮೇಲೆ ಕೂತುಬಿಟ್ಟರು. ತಣ್ಣನೆಯ ಬೆವರು. ನೀರಿನ ಬಾಟಲಿ ಮುಚ್ಚಳ ತಿರುಗಿಸಲು ನೋಡುತ್ತಿದ್ದಾರೆ, ಬೆರಳು ಜಾರುತ್ತಿದೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಅವರ ಕೈಯಿಂದ ಬಾಟಲಿ ತೆಗೆದುಕೊಂಡು ಮುಚ್ಚಳ ಬಿಚ್ಚಿದ. ಕೇಳಿದರೆ ಮಾತು ತೊದಲುತ್ತಿತ್ತು. ಆಮೇಲೆ ಗೊತ್ತಾಯಿತು, ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಬೆಳಿಗ್ಗೆ ಮಾತ್ರೆ ನುಂಗಿದ್ದರು, ತಿಂಡಿ ಮೇಲೆ ಹೋಗಿ ತಿಂದರಾಯಿತು ಅಂತ ಸುಮ್ನೆ ಬಂದಿದ್ದರು. ಸಕ್ಕರೆಯ ಕೆಲವು ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡು ಬೆಟ್ಟ ಹತ್ತಿದರೆ ರಕ್ತದ ಸಕ್ಕರೆ ದಿಢೀರನೆ ಇಳಿಯುತ್ತದೆ. ಫಸ್ಟ್ ಏಡ್ ಚೀಲದಲ್ಲಿದ್ದ ಗ್ಲೂಕೋಸ್ ಪುಡಿಯನ್ನು ನೀರಿಗೆ ಕಲಸಿ ಕುಡಿಸಿದೆವು. ಕಾಲು ಗಂಟೆಯಲ್ಲಿ ಸರಿಹೋದರು. ಅಷ್ಟು ಹೊತ್ತೂ ಹುಡುಗರನ್ನು ನೆರಳಿಗೆ ಕೂರಿಸಿ, ತಲೆ ಎಣಿಸಿ, ಹೆದರದಂತೆ ನೋಡಿಕೊಂಡವರು ಆ ದಪ್ಪಗಿದ್ದ ಮೇಷ್ಟ್ರು.

ತಪ್ಪು ನನ್ನದೇ. ಕೇಳಬೇಕಾದ್ದನ್ನು ಕೇಳದೆ ಬರೀ ಕಣ್ಣಳತೆಯಲ್ಲಿ ಲೆಕ್ಕ ಹಾಕಿದ್ದೆ. ಅವತ್ತಿನಿಂದ ದೇಹ ನೋಡಿ ಯಾರನ್ನೂ ಫಿಟ್, ಅನ್‌ಫಿಟ್ ಅಂತ ಹೇಳುವುದನ್ನು ಬಿಟ್ಟೆ.

ಹಾಗಂತ ನಿಮ್ಮ 92 ಕೆ.ಜಿ. ಪರವಾಗಿಲ್ಲ ಅಂತ ಸಮಾಧಾನ ಹೇಳುವವನಲ್ಲ ನಾನು. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದು ಬಿಎಂಐ. ನಿಮ್ಮದು ಸುಮಾರು 32.6. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 30 ದಾಟಿದರೆ ಬೊಜ್ಜು. ನಮ್ಮ ದೇಶದವರಿಗೆ ಡಾಕ್ಟರುಗಳು 25ಕ್ಕೇ ಆ ಗೆರೆ ಎಳೆಯುತ್ತಾರೆ, ಯಾಕೆಂದರೆ ಕಡಿಮೆ ತೂಕದಲ್ಲೇ ನಮಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಶುರುವಾಗುತ್ತದೆ. ಸೊಂಟದ ಸುತ್ತಳತೆಯನ್ನೂ ಟೇಪಿನಲ್ಲಿ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಡಾಕ್ಟರ ಹತ್ತಿರ ಹೋಗಿ ಅಂದದ್ದು ಇದಕ್ಕೇ. ಬಿಪಿ, ಸಕ್ಕರೆ ನೋಡಿಸಿ. ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಅಂತ ಅವರನ್ನೇ ಕೇಳಿ. ನಡೆಯುವಾಗ ಎದೆ ಹಿಡಿದ ಹಾಗಾಗುತ್ತಾ, ತಲೆ ಸುತ್ತುತ್ತಾ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿತ್ತಾ, ಇದನ್ನೆಲ್ಲ ಮುಚ್ಚಿಡದೆ ಹೇಳಿ.

ಬಿಎಂಐಗೆ ಒಂದು ಮಿತಿಯೂ ಇದೆ. ಅದರ ಲೆಕ್ಕ ಹುಟ್ಟಿದ್ದು 1830ರ ದಶಕದಲ್ಲಿ, ಬೆಲ್ಜಿಯಂನ ಕೆಟಲೆ ಎಂಬ ಗಣಿತಜ್ಞರಿಂದ. ಅವರು ನೋಡುತ್ತಿದ್ದದ್ದು ಒಟ್ಟು ಜನಸಮುದಾಯದ ಸರಾಸರಿಯನ್ನು, ಒಬ್ಬ ಮನುಷ್ಯನನ್ನಲ್ಲ. ಮುಂದೆ ಕಾಯಿಲೆ ಬರುವ ಅಪಾಯ ಎಷ್ಟಿರಬಹುದು ಅಂತ ಅದು ಸುಳಿವು ಕೊಡುತ್ತದೆ. ನಾಳೆ ನೀವು ಕುಂತಿಬೆಟ್ಟ ಹತ್ತುತ್ತೀರಾ ಇಲ್ಲವಾ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

ಅಮೆರಿಕದ ಸ್ಕೌಟಿಂಗ್‌ನಲ್ಲಿ ಇದಕ್ಕೆ ಬರಹದ ನಿಯಮವೇ ಇದೆ. ಅಲ್ಲಿ ದೊಡ್ಡವರೂ ಪ್ರತಿ ವರ್ಷ ಆರೋಗ್ಯದ ಫಾರಂ ತುಂಬಬೇಕು. ಮೂರು ದಿನಕ್ಕಿಂತ ಜಾಸ್ತಿಯ ಶಿಬಿರವಾದರೆ ಡಾಕ್ಟರ ಸಹಿಯೂ ಬೇಕು. ನ್ಯೂ ಮೆಕ್ಸಿಕೋದಲ್ಲಿರುವ ಫಿಲ್ಮಾಂಟ್ ಎಂಬ ಬೆಟ್ಟಗಾಡಿನ ಚಾರಣಕ್ಕೆ 295 ಪೌಂಡ್, ಅಂದರೆ ಸುಮಾರು 134 ಕೆ.ಜಿ. ದಾಟಿದವರನ್ನು ಬಿಡುವುದೇ ಇಲ್ಲ. 2013ರ ಜಾಂಬೂರಿಗೆ, ಅಂದರೆ ಸ್ಕೌಟುಗಳ ದೊಡ್ಡ ಮೇಳಕ್ಕೆ, ಬಿಎಂಐ 40 ದಾಟಿದವರು ಬರುವಂತಿಲ್ಲ ಅಂದಾಗ ಅಲ್ಲಿ ದೊಡ್ಡ ಗಲಾಟೆಯೇ ಆಯಿತು.

ಆ ನಿಯಮದಲ್ಲಿ ನನಗೆ ಹಿಡಿಸಿದ್ದು ಒಂದು ಅಂಶ. ಅವರ ಎತ್ತರ–ತೂಕದ ಪಟ್ಟಿ ಎಲ್ಲ ಕಡೆಗೂ ಕಡ್ಡಾಯವಲ್ಲ. ವಾಹನ ಬರುವ ರಸ್ತೆಗೆ ರೋಗಿಯನ್ನು ತಲುಪಿಸಲು 30 ನಿಮಿಷಕ್ಕಿಂತ ಜಾಸ್ತಿ ಬೇಕಾಗುವ ಜಾಗಕ್ಕೆ ಹೋಗುವಾಗ ಅದನ್ನು ಪಾಲಿಸಲೇಬೇಕು. ಅಂದರೆ ಅಲ್ಲಿ ಅಳೆಯುವುದು ನಿಮ್ಮ ಅಂದವನ್ನಲ್ಲ, ನಿಮ್ಮನ್ನು ಹೊರಬೇಕಾದವರ ಕಷ್ಟವನ್ನು. ಕುಂತಿಬೆಟ್ಟದ ಬಂಡೆ ಮೇಲೆ ನೀವು ಬಿದ್ದರೆ 92 ಕೆ.ಜಿ. ಹೊತ್ತು ಇಳಿಸುವವರು ಯಾರು? ಹದಿಮೂರು ವರ್ಷದ ಹುಡುಗರು. ಈ ಪ್ರಶ್ನೆ 60 ಕೆ.ಜಿ.ಯವರಿಗೂ ಇದೆ, ನನಗೂ ಇದೆ. ಶಾಲೆಯ ಮೈದಾನದಲ್ಲಿ ಗಂಟು ಕಟ್ಟುವುದನ್ನು ಕಲಿಸುವಾಗ ಅದು ಏಳುವುದೇ ಇಲ್ಲ. ಅಲ್ಲಿ ಗೇಟಿನ ತನಕ 108 ಬರುತ್ತದೆ.

ಹಾಗಾಗಿ ಮೊದಲು ಕೆಲಸ ಏನು ಅಂತ ನೋಡಬೇಕು, ಆಮೇಲೆ ದೇಹ. ಕಬ್, ಬುಲ್‌ಬುಲ್ ಅಂತ ಕರೆಯುವ ಹತ್ತರೊಳಗಿನ ಪುಟಾಣಿಗಳ ಆಟಕ್ಕೆ ಬೇಕಾದ ಶಕ್ತಿ ಬೇರೆ, ಹತ್ತು ದಾಟಿದ ಸ್ಕೌಟುಗಳ ಹೈಕಿಗೆ, ಅಂದರೆ ಚಾರಣಕ್ಕೆ, ಬೇಕಾದದ್ದು ಬೇರೆ. ಕಾವೇರಿ ದಡದ ಶಿಬಿರಕ್ಕೆ ಈಜು ಬೇಕು, ಅದಕ್ಕೂ ಹೊಟ್ಟೆಗೂ ಸಂಬಂಧವಿಲ್ಲ. (ನನ್ನ ದಳದಲ್ಲಿ ಹೊಳೆ ನೀರಿಗೆ ಮಕ್ಕಳನ್ನು ಇಳಿಸುವುದೇ ಇಲ್ಲ, ಎಷ್ಟು ಈಜುಗಾರರಿದ್ದರೂ.) ಎಲ್ಲರಿಗೂ ಬೇಕೇ ಬೇಕಾದದ್ದು ಯಾರದಾದರೂ ಹೃದಯ ನಿಂತರೆ ನೆಲಕ್ಕೆ ಮಂಡಿಯೂರಿ ಅವರ ಎದೆ ಒತ್ತುವ ಶಕ್ತಿ. ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳ. ಡಾಕ್ಟರು ಒಪ್ಪಿದ ಮೇಲೆ ಮನೆಯಲ್ಲಿ ಗಟ್ಟಿ ದಿಂಬಿನ ಮೇಲೆ ಎರಡು ನಿಮಿಷ ಒತ್ತಿ ನೋಡಿ. ಆಮೇಲೆ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಲ್ಲಿ. ನಿಮಗೆ ಆಗುತ್ತದೆ ಅಂತ ನನ್ನ ನಂಬಿಕೆ.

ಮುಂದಿನದು ಚಾಮುಂಡಿ ಬೆಟ್ಟ. ಮೆಟ್ಟಿಲು ಸಾವಿರಕ್ಕೆ ಸ್ವಲ್ಪ ಜಾಸ್ತಿ, ದೊಡ್ಡ ನಂದಿ ಇರುವುದು ಸುಮಾರು 700ನೇ ಮೆಟ್ಟಿಲಿನ ಹತ್ತಿರ. ಮೊದಲ ದಿನವೇ ನಂದಿ ಮುಟ್ಟಬೇಕು ಅಂತಿಲ್ಲ, ನೂರು ಮೆಟ್ಟಿಲು ಹತ್ತಿದರೂ ಸಾಕು. ಜೊತೆಗೊಬ್ಬರು ಇರಲಿ. ಹತ್ತುತ್ತಲೇ ಅವರ ಜೊತೆ ಮಾತಾಡಿ. ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿದ್ದರೆ ನಿಮ್ಮ ವೇಗ ಸರಿಯಾಗಿದೆ. ಎರಡು ಪದಕ್ಕೊಮ್ಮೆ ಉಸಿರು ಎಳೆಯುತ್ತಿದ್ದರೆ ನಿಧಾನ ಮಾಡಿ. ನಾನು ಇದಕ್ಕೆ ಇನ್ನೊಂದು ಸೇರಿಸುತ್ತೇನೆ: ಜೇಬಿನಲ್ಲಿ ವಿಶಲ್ ಇಟ್ಟುಕೊಳ್ಳಿ. ಹತ್ತಿ ನಿಂತ ತಕ್ಷಣ ಒಂದು ಉದ್ದದ ವಿಶಲ್ ಊದಿ. ಸ್ಕೌಟ್ ಮಾಸ್ಟರಿಗೆ ಕಾಲಿಗಿಂತ ಮುಖ್ಯ ಗಂಟಲು, ಅಲ್ವಾ? ಅಂಚಿನ ಹತ್ತಿರ ಹೋಗುತ್ತಿರುವ ಹುಡುಗನನ್ನು ಕೂಗಿ ನಿಲ್ಲಿಸಲು ನಿಮ್ಮಲ್ಲಿ ಉಸಿರು ಉಳಿದಿರಬೇಕು.

ಮಕ್ಕಳ ಮುಂದೆ ಓಡುವ ಕೆಲಸ ನಿಮ್ಮದಲ್ಲ. ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಮಾಡಿದಾಗ ಅವರಿಗೆ 50 ವರ್ಷ. 20 ಹುಡುಗರನ್ನು ನಾಲ್ಕು ಪೆಟ್ರೋಲ್, ಅಂದರೆ ಚಿಕ್ಕ ತಂಡ, ಮಾಡಿ, ಪ್ರತಿಯೊಂದಕ್ಕೂ ಒಬ್ಬ ಹುಡುಗನನ್ನೇ ಲೀಡರ್ ಮಾಡಿದರು. ಇವತ್ತಿಗೂ ಅದೇ ಪದ್ಧತಿ. ಹೈಕಿನಲ್ಲಿ ದೊಡ್ಡವರೊಬ್ಬರು ಮುಂದೆ, ಒಬ್ಬರು ಕೊನೆಯಲ್ಲಿ. ನೀವು ಕೊನೆಯಲ್ಲಿರಿ. ಪ್ರತಿ ದಳದಲ್ಲೂ ಏದುಸಿರು ಬಿಡುತ್ತಾ ಹಿಂದೆ ಉಳಿಯುವ ಒಬ್ಬ ಗುಂಡು ಹುಡುಗ ಇರುತ್ತಾನೆ. ಎಲ್ಲರೂ ಮೇಲೆ ನಿಂತು ಬಾರೋ ಬಾರೋ ಅಂತ ಕೂಗುವಾಗ ಅವನಿಗೆ ಅಳು ಬರುತ್ತಿರುತ್ತದೆ. ಪಕ್ಕದಲ್ಲಿ ತನ್ನ ಹಾಗೇ ನಿಧಾನವಾಗಿ ಹೆಜ್ಜೆ ಇಡುವ ಮೇಷ್ಟ್ರು ಒಬ್ಬರಿದ್ದರೆ ಅವನು ಮುಂದಿನ ಹೈಕಿಗೂ ಬರುತ್ತಾನೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೊನೆಗೆ ಆರೋಗ್ಯದ ವಿಷಯ ಮುಚ್ಚಿಡಬೇಡಿ. ಬಿಪಿ ಇದೆ ಅಂದರೆ ಕೈಬಿಡುತ್ತಾರೆ ಅನ್ನುವ ಭಯಕ್ಕೆ ಎಷ್ಟೋ ಜನ ಫಾರಂನಲ್ಲಿ "ಇಲ್ಲ" ಅಂತ ಬರೆಯುತ್ತಾರೆ. ನಮ್ಮ ಒಂಬತ್ತು ನಿಯಮಗಳಲ್ಲಿ ಮೊದಲನೆಯದೇ ಸ್ಕೌಟ್ ನಂಬಿಕೆಗೆ ಅರ್ಹ ಅನ್ನುವುದು. ದಳ ನಡೆಸುವವರೂ ಅಷ್ಟೇ, ಬಿಪಿ ಇದೆ ಅಂದ ಕೂಡಲೇ ಮನುಷ್ಯನನ್ನು ಬದಿಗಿಡಬಾರದು. ನೀವು ಯಾವ ಮಾತ್ರೆ ನುಂಗುತ್ತೀರಿ, ಮನೆಯ ಫೋನ್ ನಂಬರ್ ಏನು ಅಂತ ಒಂದು ಚೀಟಿಯಲ್ಲಿ ಬರೆದು ಶರ್ಟಿನ ಎಡಜೇಬಿನಲ್ಲಿ ಇಟ್ಟುಕೊಳ್ಳಿ. ಅದು ಅಲ್ಲಿದೆ ಅಂತ ಜೊತೆಯವರಿಗೂ ಪೆಟ್ರೋಲ್ ಲೀಡರುಗಳಿಗೂ ತಿಳಿಸಿ. ನನ್ನ ಜೇಬಿನಲ್ಲೂ ಒಂದಿದೆ.

ಡಾಕ್ಟರು ಸರಿ ಅಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಬೆಟ್ಟದ ಪಾದಕ್ಕೆ ಬನ್ನಿ, ನಾನೂ ಇರುತ್ತೇನೆ. ಮೇಲಿನ ತನಕ ಹತ್ತಿದ ದಿನ ಮೆಟ್ಟಿಲಲ್ಲಿ ಇಳಿಯುವುದು ಬೇಡ, ಇಳಿಯುವಾಗಲೇ ಮಂಡಿಗೆ ಜಾಸ್ತಿ ಪೆಟ್ಟು. ಸಿಟಿ ಬಸ್ಸಿನಲ್ಲಿ ಬರೋಣ. ತಿಂಡಿ ಮಾತ್ರ ತಿಂದುಕೊಂಡೇ ಬನ್ನಿ.